ಹನ್ನೊಂದನೆಯ ಸಾಲಿನ ಉಸಿರು

ಶುಕ್ರವಾರ ಮಧ್ಯಾಹ್ನ ಮೀನು ಹುರಿಯುತ್ತ ನಿಂತಿದ್ದ ಲಟ್ರೀಸ್‌ಗೆ ಬಾಗಿಲ ಬಳಿ ಗಂಡನ ದನಿ ಕೇಳಿಸಿತು. ಲಿಫ್ಟು ಕೆಟ್ಟಿದೆ, ಒಂಬತ್ತು ಮಹಡಿ ಹತ್ತಿ ಬಂದೆ, ನಾಲ್ಕನೆಯ ಮಹಡಿಯಿಂದ ಮೀನಿನ ವಾಸನೆಯೇ ಕೈಹಿಡಿದು ಕರೆತಂದಿತು ಎಂದು ಆ ದನಿ ಹೇಳುತ್ತಿತ್ತು. ಕೊನೆಯ ಪದವನ್ನು ತುಸು ಎಳೆದು, ಎಳೆದದ್ದನ್ನು ಥಟ್ಟನೆ ಕೈಬಿಡುವ ಅದೇ ರೀತಿ.

ಗಂಡ ಸತ್ತು ಐದು ವರ್ಷವಾಗಿತ್ತು. ಅವಳು ಬೆಚ್ಚಲಿಲ್ಲ. ಒಲೆಯ ಉರಿ ಸಣ್ಣ ಮಾಡಿದಳು. ಬಾಣಲೆಯಲ್ಲಿದ್ದ ಎರಡು ತುಂಡುಗಳನ್ನು ಮಗುಚಿ ಹಾಕಿದಳು. ಆಮೇಲೆ ಕೈ ಒರೆಸಿಕೊಂಡು ಹೊರಗೆ ಬಂದಳು.

ಬಾಗಿಲಲ್ಲಿ ಹಾಲಿಸ್ ಬಸ್ ಡ್ರೈವರಿನ ಅಂಗಿಯಲ್ಲೇ ನಿಂತಿದ್ದ. ಅವನ ಹಿಂದೆ ಒಬ್ಬ ಬಿಳಿಯ. ಮೂವತ್ತರ ಆಸುಪಾಸಿನವನು, ಬಿಸಿಲಿಗೆ ಮೂಗು ಸುಟ್ಟು ಸಿಪ್ಪೆ ಏಳುತ್ತಿತ್ತು. ಟೋಪಿ ತೆಗೆದು ಎದೆಗೆ ಒತ್ತಿ ಹಿಡಿದಿದ್ದ. ಮಾತಾಡುತ್ತಿದ್ದವನು ಅವನೇ.

ಕುರ್ಚಿಯಲ್ಲಿದ್ದ ಅತ್ತೆ, ಮಿಸ್ ಅರ್ನೆಸ್ಟೀನ್, ಟೀವಿಯ ದನಿ ತಗ್ಗಿಸಿ ಅವನನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಮಾತಾಡಪ್ಪ," ಎಂದಳು.

"ಏನಂತ ಮಾತಾಡ್ಲಿ ಅಮ್ಮಾ?"

"ಏನಾದ್ರೂ."

ಅವನು ತನ್ನ ಹೆಸರು ಮಾರೆಕ್ ಎಂದ. ಪೋಲೆಂಡಿನ ಕಾಟೊವಿಟ್ಸೆ ಎಂಬ ಕಲ್ಲಿದ್ದಲಿನ ಊರಿನವನು. ಹದಿನಾಲ್ಕು ವರ್ಷದವನಿದ್ದಾಗ ಹಳೆಯ ಸಾಮಾನಿನ ಸಂತೆಯಲ್ಲಿ ಒಂದು ಕ್ಯಾಸೆಟ್ ಸಿಕ್ಕಿತಂತೆ. ಶಾಲೆಯಲ್ಲಿ ಇಂಗ್ಲಿಷಿಗೆ ಮೇಷ್ಟರೇ ಇರಲಿಲ್ಲವಂತೆ. ಆ ಕ್ಯಾಸೆಟ್ಟಿನಿಂದಲೇ, ಪದ ಪದ ನಿಲ್ಲಿಸಿ, ಹಿಂದೆ ತಿರುಗಿಸಿ, ಮತ್ತೆ ಕೇಳಿ ಇಂಗ್ಲಿಷ್ ಕಲಿತದ್ದು. ಈಗ ಅವನೇ ಸಂಜೆ ಶಾಲೆಯಲ್ಲಿ ಅದನ್ನು ಹೇಳಿಕೊಡುತ್ತಾನೆ. ಅವನ ಹುಡುಗರೆಲ್ಲ ಹೀಗೆಯೇ ಮಾತಾಡುತ್ತಾರಂತೆ.

ಲಟ್ರೀಸ್ ಒಂದು ಗಳಿಗೆ ಆ ಊರನ್ನು ಊಹಿಸಿಕೊಂಡಳು. ಹೊಗೆಯ ಬೀದಿಯಲ್ಲಿ ಅಷ್ಟೊಂದು ಬಿಳಿ ಮಕ್ಕಳು, ಎಲ್ಲರ ಬಾಯಲ್ಲೂ ಅವಳ ಗಂಡ ಕೋರ್ಡೆಲ್‌ನ ದನಿ.

ಅದೇ ಮಾತಿನ ಧಾಟಿಗಾಗಿ ಕೋರ್ಡೆಲ್‌ನನ್ನು ಟೆಲಿಫೋನ್ ಕಚೇರಿಯ ಕೆಲಸದಿಂದ ಎರಡನೆಯ ವಾರವೇ ತೆಗೆದುಹಾಕಿದ್ದರು. ಗಿರಾಕಿಗಳಿಗೆ ಅರ್ಥವಾಗುವುದಿಲ್ಲ ಎಂದಿದ್ದರು.

ಹಾಲಿಸ್‌ಗೆ ನಗು ತಡೆಯಲಾಗಲಿಲ್ಲ. "ಇವನು ವಿಮಾನ ನಿಲ್ದಾಣದಲ್ಲಿ ನನ್ನನ್ನ ಏನಂತ ಕರೆದ ಗೊತ್ತಾ ಮಿಸ್ ಅರ್ನೆಸ್ಟೀನ್? ಆ ಹಳೇ ಕಾಲದ ಬೀದಿ ಮಾತು ಬಳಸಿದ ಕೊನೇ ಮನುಷ್ಯ ನಿಮ್ಮ ಮಗ. ಈಗ ಕೆಳಗಿನ ಹುಡುಗರ ಮುಂದೆ ಹಾಗಂದ್ರೆ, ತಾತ, ಹಲ್ಲುಸೆಟ್ಟು ಎಲ್ಲಿಟ್ಟೆ ಅಂತ ಕೇಳ್ತಾರೆ."

ಮಾರೆಕ್‌ನ ಕಿವಿ ಕೆಂಪಾಯಿತು. ಊರಿನ ಮಾತು ಬದಲಾಗಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಕ್ಯಾಸೆಟ್ಟು ಬದಲಾಗಿರಲಿಲ್ಲವಲ್ಲ.

ಹಾಲಿಸ್ ಮತ್ತು ಕೋರ್ಡೆಲ್ ಇಬ್ಬರೂ ಇದೇ ಕಟ್ಟಡದಲ್ಲಿ ಬೆಳೆದವರು. ಹಾಲಿಸ್ ಗ್ರಾಮಫೋನ್ ತಟ್ಟೆ ತಿರುಗಿಸಿ ತಾಳ ಕೊಡುತ್ತಿದ್ದ, ಕೋರ್ಡೆಲ್ ಮೈಕು ಹಿಡಿದು ಪದ್ಯ ಹೇಳುತ್ತಿದ್ದ. ಚರ್ಚಿನಲ್ಲಿ ಬೆಳೆದವನೆಂದು ಬೀದಿಯವರು ಕೋರ್ಡೆಲ್‌ನನ್ನು ಡೀಕನ್, ಅಂದರೆ ಚರ್ಚಿನ ಹಿರಿಯ, ಎನ್ನುತ್ತಿದ್ದರು. ಅವರಿಬ್ಬರ ಹೆಸರಿನಲ್ಲಿ ಹೊರಬಂದದ್ದು ಒಂದೇ ಕ್ಯಾಸೆಟ್. ಬಹಳಷ್ಟು ಪ್ರತಿಗಳು ಹಾಲಿಸ್‌ನ ಮಂಚದ ಕೆಳಗೇ ಉಳಿದು, ಒಮ್ಮೆ ಮೇಲಿನ ಮನೆಯ ಕೊಳವೆ ಒಡೆದಾಗ ನೀರು ಪಾಲಾದವು. ಒಂದು ಮಾತ್ರ ಹೇಗೋ ಸಮುದ್ರ ದಾಟಿತ್ತು. ಅದರ ಮೇಲಿನ ವಿಳಾಸ ಹಿಡಿದೇ ಮಾರೆಕ್ ಹಾಲಿಸ್‌ಗೆ ಪತ್ರ ಬರೆದು ಬಂದಿದ್ದ.

ಊಟಕ್ಕೆ ಕೂತರು. ಬಿಳಿ ಬ್ರೆಡ್ಡಿನ ನಡುವೆ ಮೀನು, ಮೇಲೆ ಖಾರದ ನೀರು. ಮಾರೆಕ್ ಹಾಕಿಕೊಂಡ ಖಾರ ನೋಡಿ ಅತ್ತೆ ಬಾಟಲಿ ಎತ್ತಿಟ್ಟಳು. ಹಾಲಿಸ್ ಬಂದ ಕೆಲಸ ಹೇಳಿದ. ಮರುದಿನ ಪಾರ್ಕಿನಲ್ಲಿ ಹಳಬರ ದಿನ. ಕಟ್ಟಡ ಬಿಟ್ಟು ಎಲ್ಲೆಲ್ಲಿಗೋ ಹೋದವರು ಆಗಸ್ಟಿನಲ್ಲಿ ಒಂದು ದಿನ ಬಂದು ಸೇರುವುದುಂಟು. ಈ ಸಲ ಡೀಕನ್ ಹೋದ ಐದನೆಯ ವರ್ಷ. ಹಾಲಿಸ್‌ಗೆ ಎರಡನೆಯ ಪದ್ಯ ಅರ್ಧಕ್ಕರ್ಧ ಮರೆತಿದೆ. ಕ್ಯಾಸೆಟ್ ಹಾಕಬಹುದು, ಆದರೆ ಕ್ಯಾಸೆಟ್ಟಿಗೆ ಯಾರೂ ಕೈ ಎತ್ತಿ ಕುಣಿಯುವುದಿಲ್ಲ. ಈ ಹುಡುಗನಿಗೆ ಪ್ರತಿ ಅಕ್ಷರವೂ ಗೊತ್ತು.

"ನೀನು ಹೂಂ ಅಂದ್ರೆ ಸಾಕು ತಂಗಿ. ಬೇಡ ಅಂದ್ರೂ ಸರಿ. ಇವನನ್ನ ಕರ್ಕೊಂಡ್ಹೋಗಿ ಮೃಗಾಲಯ ತೋರಿಸ್ತೀನಿ."

ಐದು ವರ್ಷದಲ್ಲಿ ಲಟ್ರೀಸ್ ಒಮ್ಮೆಯೂ ಗಂಡನ ದನಿ ಕೇಳಿರಲಿಲ್ಲ. ಮನೆಯಲ್ಲಿದ್ದ ಕ್ಯಾಸೆಟ್ಟುಗಳನ್ನು ಶೂ ಪೆಟ್ಟಿಗೆಯಲ್ಲಿಟ್ಟು ಟೇಪು ಸುತ್ತಿದ್ದಳು. ಅತ್ತಿರಲೂ ಇಲ್ಲ. ಗ್ರಂಥಾಲಯದಲ್ಲಿ ಜನ ಹಿಂತಿರುಗಿಸಿದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು, ಮನೆಗೆ ಬರುವುದು, ಅತ್ತೆಗೆ ಮಾತ್ರೆ ಕೊಡುವುದು. ಇಷ್ಟರಲ್ಲಿ ದಿನ ಮುಗಿಯುತ್ತಿತ್ತು.

"ಮೊದ್ಲು ಇಲ್ಲಿ ಹೇಳ್ಲಿ," ಎಂದಳು.

ಮಾರೆಕ್ ಎದ್ದು ಫ್ರಿಜ್ಜಿಗೂ ಮೇಜಿಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತ. ಹಾಲಿಸ್ ಎರಡು ಬೆರಳಿನಲ್ಲಿ ಮೇಜಿನ ಅಂಚಿಗೆ ತಾಳ ಹಾಕಿದ.

ಆ ಪದ್ಯ ಒಂದು ಬೆಳಿಗ್ಗೆ ಒಂಬತ್ತನೆಯ ಮಹಡಿಯಿಂದ ಹಾಲು ತರಲು ಕೆಳಗಿಳಿಯುವವನದು. ಮಹಡಿಗೊಬ್ಬರಂತೆ ಎದುರಾಗುತ್ತಾರೆ. ಎಂಟರಲ್ಲಿ ಕೆಮ್ಮುವ ಮುದುಕ, ಏಳರಲ್ಲಿ ಬೀಗ ಒಡೆಸಿಕೊಂಡವಳು, ಆರರಲ್ಲಿ ನಾಯಿ. ಮಾರೆಕ್ ಕಣ್ಣು ಮುಚ್ಚಿಕೊಂಡು ಮೆಟ್ಟಿಲಿಳಿದ. ದನಿ ಕೋರ್ಡೆಲ್‌ನದಲ್ಲ ಎನ್ನಲು ಎಲ್ಲೂ ಒಂದು ಬಿರುಕು ಸಿಗಲಿಲ್ಲ. ನಾಯಿಯ ಹೆಸರು ಹೇಳುವಾಗ ಬರುವ ಸಣ್ಣ ನಗು ಕೂಡ ಇತ್ತು. ಆ ನಗು ಯಾಕೆಂದು ಗೊತ್ತಿದ್ದವಳು ಲಟ್ರೀಸ್ ಒಬ್ಬಳೇ. ರೆಕಾರ್ಡ್ ಮಾಡುವಾಗ ಗಾಜಿನಾಚೆ ಕೂತು ಅವನಿಗೆ ನಾಲಿಗೆ ತೋರಿಸಿದ್ದವಳು ಅವಳು.

ಪದ್ಯದಲ್ಲಿ ಮೂರು ಕಡೆ ಒಂದು ಪದ ಬರುತ್ತದೆ. ಕಪ್ಪು ಜನ ತಮ್ಮತಮ್ಮೊಳಗೆ ಆಡಿಕೊಳ್ಳುವ, ಹೊರಗಿನವನ ಬಾಯಿಂದ ಬಂದರೆ ಅವನ ಹಲ್ಲು ಉದುರುವ ಪದ. ಮೂರು ಕಡೆಯೂ ಮಾರೆಕ್ ತುಟಿ ಮುಚ್ಚಿ, ತಾಳದಷ್ಟು ಜಾಗ ಬಿಟ್ಟು, ಮುಂದೆ ದಾಟಿಕೊಂಡ. ಅತ್ತೆ ಒಪ್ಪಿಗೆಯಿಂದ ತಲೆಯಾಡಿಸಿದಳು.

ಹನ್ನೊಂದನೆಯ ಸಾಲು ಬಂತು. ಇಳಿಯುವವನು ಬೀದಿಯ ಬಾಗಿಲು ತೆರೆಯುವ ಸಾಲು. ಬಾಗಿಲು ತೆರೆದೆ, ಎಂದ ಮಾರೆಕ್. ಆಮೇಲೆ ಪದವಿಲ್ಲ. ಎರಡು ತಾಳದಷ್ಟು ಹೊತ್ತು ಒಣ ಗಂಟಲಿನೊಳಕ್ಕೆ ಗಾಳಿ ಎಳೆದುಕೊಳ್ಳುವ ಸದ್ದು, ಅದರ ತುದಿಯಲ್ಲಿ ಸಣ್ಣ ಸೀಟಿ. ಆಮೇಲೆ, ಬೆಳಕು.

ಲಟ್ರೀಸ್‌ಳ ಕೈ ತಾನಾಗಿ ಬಾಗಿಲ ಮೊಳೆಗೆ ತೂಗುಹಾಕಿದ್ದ ಚೀಲದ ಕಡೆ ಹೋಗಿತ್ತು. ಅವಳು ಅದನ್ನು ಹಿಂದಕ್ಕೆ ತಂದುಕೊಂಡಳು.

ಮುಗಿದ ಮೇಲೆ ಹಾಲಿಸ್ ಮುಖ ಒರೆಸಿಕೊಂಡ. ಮಾರೆಕ್‌ಗೆ ಇದು ಮೆಚ್ಚುಗೆಯೆಂದು ಅನಿಸಿರಬೇಕು. ಧೈರ್ಯ ಬಂದು ವಿವರಿಸತೊಡಗಿದ. ಆ ನಿಲುಗಡೆಗೆ ತಮ್ಮ ಕಡೆಯವರು ಹೊಸ್ತಿಲು ಎಂಬರ್ಥದ ಹೆಸರಿಟ್ಟಿದ್ದಾರಂತೆ. ಒಳಗಿಗೂ ಹೊರಗಿಗೂ ನಡುವೆ ಮನುಷ್ಯ ನಿಂತ ಗಳಿಗೆಯನ್ನು ಪದವಿಲ್ಲದೆ ಹೇಳಿದವನು ಜಗತ್ತಿನಲ್ಲಿ ಡೀಕನ್ ಒಬ್ಬನೇ ಎಂದು ಅವನು ಒಂದು ಪತ್ರಿಕೆಯಲ್ಲಿ ನಾಲ್ಕು ಪುಟ ಬರೆದಿದ್ದನಂತೆ. ಅವನ ಹುಡುಗರು ಅದನ್ನು ಪಂದ್ಯ ಕಟ್ಟಿ ಅಭ್ಯಾಸ ಮಾಡುತ್ತಾರಂತೆ.

"ಆ ಸೀಟಿ ಬರಿಸೋಕೆ ನಂಗೆ ಎರಡು ವರ್ಷ ಬೇಕಾಯ್ತು," ಎಂದ, ಕೋರ್ಡೆಲ್‌ನ ದನಿಯಲ್ಲಿ.

"ನಾಳೆ ಹೇಳಿ," ಎಂದಳು ಲಟ್ರೀಸ್. "ಅದೊಂದು ಬೇಡ."

"ಅದೇ ತಾನೇ ಹಾಡು? ಅದನ್ನ ತೆಗೆದ್ರೆ ಏನುಳಿಯತ್ತೆ ಅಮ್ಮಾ?"

"ಬೇಡ ಅಂದೆ."

ಹಾಲಿಸ್ ಅವಳ ಕಡೆ ತಿರುಗಿದ. "ಯಾಕೆ ತಂಗಿ? ಜನ ಕಾಯೋದೇ ಅದಕ್ಕೆ. ಅದಿಲ್ಲದೆ ಹೇಳಿದ್ರೆ ಡೀಕನ್‌ದು ಅಂತ ಯಾರೊಪ್ತಾರೆ?"

ಅದಕ್ಕೆ ಉತ್ತರವಿತ್ತು. ಅದನ್ನು ಹೇಳಬೇಕಾದರೆ ಅತ್ತೆಯ ಮುಂದೆ ಹೇಳಬೇಕಿತ್ತು. ಹೇಳದಿದ್ದರೆ ನಾಳೆ ಪಾರ್ಕಿನಲ್ಲಿ ಅಷ್ಟೂ ಜನರ ನಡುವೆ ನಿಂತು ಆ ಸದ್ದನ್ನು ಮತ್ತೆ ಕೇಳಬೇಕಿತ್ತು. ಅವಳು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡಳು. ಎಲ್ಲವನ್ನೂ ಗುಡಿಸಿದ ಮೇಲೆ ಮಾಡಲು ಬೇರೇನೂ ಇರಲಿಲ್ಲ.

"ಅದು ಹೊಸ್ತಿಲಲ್ಲ," ಎಂದಳು. "ಉಬ್ಬಸ."

ಕೋರ್ಡೆಲ್‌ಗೆ ಹುಟ್ಟಿದಾಗಿನಿಂದ ಉಬ್ಬಸ. ಈ ಕಟ್ಟಡದಲ್ಲಿ ಮನೆಗೊಬ್ಬರಿಗೆ ಇದೆ. ಕಸದ ಲಾರಿಗಳೆಲ್ಲ ಇದೇ ಬೀದಿಯಲ್ಲಿ ಹಾದುಹೋಗುತ್ತವೆ. ಬಾಯಿಗೆ ಔಷಧಿ ಒತ್ತಿಕೊಳ್ಳುವ ಪಂಪು ಸದಾ ಜೊತೆಗಿರಬೇಕು. ಮೈಕು ಹಿಡಿದಾಗ ಜೇಬು ಉಬ್ಬಿ ಕಾಣುತ್ತದೆಂದು ಅವನು ಅದನ್ನು ಹೆಂಡತಿಯ ಚೀಲದಲ್ಲಿ ಹಾಕಿಡುತ್ತಿದ್ದ. ಕ್ಯಾಸೆಟ್ ಮಾಡಿದ ದಿನ ಹನ್ನೊಂದನೆಯ ಸಾಲಿನಲ್ಲಿ ಅವನಿಗೆ ನಿಜಕ್ಕೂ ಉಸಿರು ಕಟ್ಟಿತ್ತು. ಮತ್ತೆ ರೆಕಾರ್ಡ್ ಮಾಡಲು ಸ್ಟುಡಿಯೋದಲ್ಲಿ ಹೊತ್ತಿರಲಿಲ್ಲ. ಜನಕ್ಕೆ ಅದೇ ಹಿಡಿಸಿತು. ಆಮೇಲೆ ಅವನು ಪ್ರತಿ ಸಲವೂ ಬೇಕೆಂದೇ ಮಾಡಿದ. ಯಾವುದು ಬೇಕೆಂದು, ಯಾವುದು ತಾನಾಗಿ ಎಂದು ಕೇಳುವವರಿಗೆ ತಿಳಿಯುತ್ತಿರಲಿಲ್ಲ. ತನಗೆ ತಿಳಿಯುತ್ತದೆ ಎಂದು ಲಟ್ರೀಸ್ ಅಂದುಕೊಂಡಿದ್ದಳು.

ಐದು ವರ್ಷದ ಹಿಂದಿನ ಜುಲೈನಲ್ಲಿ, ಶಾಲೆಯ ಅಂಗಳದಲ್ಲಿ, ಅವನು ಹನ್ನೊಂದನೆಯ ಸಾಲಿಗೆ ಬಂದು ನಿಂತ. ಎರಡು ತಾಳ ಕಳೆಯಿತು, ನಾಲ್ಕು ಕಳೆಯಿತು. ಈ ದಿನ ಎಳೆಯುತ್ತಿದ್ದಾನೆ ಎಂದು ಜನ ಕೂಗಿದರು. ಹಾಲಿಸ್ ತಟ್ಟೆ ಹಿಂದಕ್ಕೆ ತಿರುಗಿಸಿ ಅವನಿಗೆ ಇನ್ನಷ್ಟು ಜಾಗ ಕೊಟ್ಟ. ವೇದಿಕೆಯ ಪಕ್ಕದಲ್ಲಿ, ಹತ್ತು ಹೆಜ್ಜೆಯಾಚೆ ಲಟ್ರೀಸ್ ಇದ್ದಳು.

"ನಾನೂ ಚಪ್ಪಾಳೆ ತಟ್ಟಿದೆ," ಎಂದಳು. "ಪಂಪು ಮನೇಲಿ ಮರೆತು ಬಂದಿದ್ದ ಅಂತ ನಿಮಗೆ ಹೇಳಿದ್ದೆ ಅತ್ತೆ. ಮರೆತಿರ್ಲಿಲ್ಲ. ನನ್ನ ಚೀಲದಲ್ಲಿತ್ತು. ಪದ್ಯ ಮುಗೀಲಿ ಅಂತ ಕಾದೆ, ಅವನು ಬೀಳೋವರೆಗೂ."

ಟೀವಿಯಲ್ಲಿ ಯಾರೋ ಬಹುಮಾನ ಗೆದ್ದು ಕುಣಿಯುತ್ತಿದ್ದರು, ದನಿಯಿಲ್ಲದೆ. ಹಾಲಿಸ್ ತನ್ನ ಎರಡು ಬೆರಳುಗಳನ್ನು ಮೇಜಿನ ಅಂಚಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಮೊದಲು ಮಾತಾಡಿದವನು ಮಾರೆಕ್. ಆ ಧಾಟಿ ಅವನ ಬಾಯಿಂದ ಬಿದ್ದುಹೋಗಿತ್ತು. ಬೇರೆ ಭಾಷೆಯ ಒರಟು ಉಚ್ಚಾರದಲ್ಲಿ, ಪದ ಹುಡುಕುತ್ತ ಹೇಳಿದ. ತನ್ನ ತಂದೆ ಇಪ್ಪತ್ತಾರು ವರ್ಷ ಗಣಿಯೊಳಗೆ ಇಳಿದವನು. ಕೊನೆಯ ಎರಡು ವರ್ಷ ಗೋಡೆಯಾಚೆಯ ಕೋಣೆಯಲ್ಲಿ ಮಲಗಿದ್ದ.

"ಅಪ್ಪನ ಎದೆ ಇದೇ ಸದ್ದು ಮಾಡ್ತಿತ್ತು. ಅದು ಕೇಳಬಾರದು ಅಂತ ನಾನು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಈ ಕ್ಯಾಸೆಟ್ ಕೇಳ್ತಿದ್ದೆ." ಅವನು ಟೋಪಿಯನ್ನು ತಿರುಗಿಸುತ್ತ ಕೂತ. "ಅಪ್ಪನದು ಕಾಯಿಲೆ ಅಂತ ಗೊತ್ತಿತ್ತು. ಇವರದು ಕಲೆ ಅಂದ್ಕೊಂಡೆ. ಕಪ್ಪು ಮನುಷ್ಯನ ಗಂಟಲಿಂದ ಬಂದದ್ದೆಲ್ಲ ಕಲೆ ಅಂದ್ಕೊಂಡೆ."

ಅತ್ತೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳು ನೋಡುತ್ತಿದ್ದುದು ಮಾರೆಕ್‌ನನ್ನು. ಸೊಸೆಯ ಕಡೆ ತಿರುಗಲೇ ಇಲ್ಲ.

"ಏಳು ವರ್ಷದೋನಿದ್ದ," ಎಂದಳು. "ಈಸ್ಟರ್ ದಿನ ಚರ್ಚಲ್ಲಿ ಒಬ್ಬನೇ ನಿಂತು ಹಾಡ್ಬೇಕಿತ್ತು. ಮಧ್ಯದಲ್ಲಿ ಉಸಿರು ಸಿಗ್ತಿರ್ಲಿಲ್ಲ. ಜನ ಅಯ್ಯೋ ಪಾಪ ಅನ್ನೋದು ನಂಗೆ ಇಷ್ಟ ಇರ್ಲಿಲ್ಲ. ನಾನೇ ಹೇಳ್ಕೊಟ್ಟೆ. ಉಸಿರು ಸಿಗದೇ ಇದ್ರೆ, ಬೇಕು ಅಂತ್ಲೇ ನಿಲ್ಸಿದ ಹಾಗೆ ನಿಲ್ಲು. ತಲೆ ಎತ್ತಿ ನಿಲ್ಲು. ಅವರೇ ಕಾಯ್ಲಿ, ಅಂದೆ."

ಟೀವಿ ಆರಿಸಿ, "ಕಾದ್ರು," ಎಂದಳು.

ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಲಟ್ರೀಸ್ ಉಳಿದ ಮೀನನ್ನು ತಟ್ಟೆಗೆ ಹಾಕಿ ಮುಚ್ಚಿಟ್ಟಳು. ಹಾಲಿಸ್ ಹೊರಡುವಾಗ ನಾಳೆಯ ಮಾತು ಎತ್ತಲಿಲ್ಲ. ಎತ್ತಿದವಳು ಲಟ್ರೀಸ್. ಪದ್ಯ ಹೇಳಲಿ, ಅದೊಂದು ಜಾಗ ಖಾಲಿ ಬಿಡಲಿ ಎಂದಳು. ಮಾರೆಕ್ ಆಗಲಿ ಎಂದ.

ಶನಿವಾರ ಬಿಸಿಲು ಚುರುಗುಡುತ್ತಿತ್ತು. ಪಾರ್ಕಿನಲ್ಲಿ ಕೆಂಡದ ಹೊಗೆ, ಮಡಿಸುವ ಕುರ್ಚಿಗಳು, ಹೊಟ್ಟೆ ಬಂದ ಹಳೆಯ ಗೆಳೆಯರು ಒಬ್ಬರ ಹೊಟ್ಟೆಯನ್ನು ಒಬ್ಬರು ತಟ್ಟಿಕೊಳ್ಳುತ್ತಿದ್ದರು. ಅತ್ತೆ ಚರ್ಚಿನ ಟೋಪಿ ಹಾಕಿಕೊಂಡು ತಾನೇ ಮೆಟ್ಟಿಲಿಳಿದು ಬಂದಿದ್ದಳು. ಒಂಬತ್ತು ಮಹಡಿಯೂ ಸೊಸೆಯ ತೋಳು ಹಿಡಿದಿದ್ದಳು, ಒಂದು ಮಾತೂ ಆಡಿರಲಿಲ್ಲ. ಈಗ ಮುಂದಿನ ಸಾಲಿನ ಕುರ್ಚಿಯಲ್ಲಿದ್ದಳು. ಲಟ್ರೀಸ್ ವೇದಿಕೆಯ ಪಕ್ಕದಲ್ಲಿ ನಿಂತಳು. ಅಲ್ಲಿ ನಿಲ್ಲಬೇಕೆಂದು ಯೋಚಿಸಿರಲಿಲ್ಲ. ಕಾಲು ಅಲ್ಲಿಗೇ ತಂದು ನಿಲ್ಲಿಸಿತ್ತು. ಹೆಗಲಲ್ಲಿ ಚೀಲವಿತ್ತು. ಐದು ವರ್ಷದಲ್ಲಿ ಚೀಲ ಮೂರು ಸಲ ಬದಲಾಗಿತ್ತು. ಹಳೆಯದರಿಂದ ಹೊಸದಕ್ಕೆ ಸಾಮಾನು ಹಾಕುವಾಗ ಪ್ರತಿ ಸಲವೂ ಪಂಪನ್ನು ಮೊದಲು ಹಾಕುತ್ತಿದ್ದಳು.

ಮಾರೆಕ್ ಮೈಕಿನ ಮುಂದೆ ಬಂದಾಗ ಹಿಂದಿನಿಂದ ನಗು ಎದ್ದಿತು. ಮೀಟರ್ ನೋಡೋಕೆ ಬಂದಿದ್ದೀಯೇನಪ್ಪಾ ಎಂದು ಒಬ್ಬ ಕೂಗಿದ. ಬೆಂಚಿನ ಮೇಲಿದ್ದ ಹೆಂಗಸು, ಪಾಪ, ಮೂಗಿಗೆ ಬೆಣ್ಣೆ ಹಚ್ಚಿ ಯಾರಾದರೂ ಎಂದಳು. ಹಾಲಿಸ್ ತಟ್ಟೆಯ ಮೇಲೆ ಸೂಜಿ ಇಳಿಸಿದ.

ಮೊದಲ ಸಾಲಿಗೆ ನಗು ನಿಂತಿತು. ಎರಡನೆಯ ಸಾಲಿಗೆ ಒಬ್ಬ ಮುದುಕ ತಲೆಯ ಮೇಲಿನ ಟೋಪಿ ತೆಗೆದ. ಕೆಲವರು ಬಿಳಿಯನನ್ನು ಬಿಟ್ಟು ಅವನ ಹಿಂದೆ ಮುಂದೆ ನೋಡಿದರು, ದನಿ ಎಲ್ಲಿಂದ ಬರುತ್ತಿದೆ ಎಂದು.

ಆ ಪದದ ಮೊದಲ ಜಾಗ ಬಂತು. ಮಾರೆಕ್ ಬಾಯಿ ಮುಚ್ಚಿ ಜಾಗ ಬಿಟ್ಟ. ಹಾಡುವವನು ಬಿಟ್ಟದ್ದನ್ನು ಕೇಳುವವರು ತುಂಬುವುದು ಈ ಬೀದಿಯ ಹಳೆಯ ರೂಢಿ. ಪಾರ್ಕಿಗೆ ಪಾರ್ಕೇ ಆ ಪದವನ್ನು ಕೂಗಿತು, ಕೂಗಿ ನಕ್ಕಿತು. ಹುಡುಗನಿಗೆ ಬುದ್ಧಿಯಿದೆ ಎಂದು ಯಾರೋ ಹೊಗಳಿದರು. ಎರಡನೆಯ ಜಾಗದಲ್ಲಿ ಇನ್ನೂ ಜೋರಾಗಿ ಕೂಗಿದರು. ಮೂರನೆಯದರಲ್ಲಿ ಅಡುಗೆಯ ಒಲೆಗಳ ಹತ್ತಿರ ಇದ್ದವರೂ ಸೇರಿಕೊಂಡರು. ಈಗ ಅವರು ಪ್ರತಿ ಖಾಲಿಗೂ ಸಿದ್ಧರಾಗಿ ನಿಂತಿದ್ದರು.

ಆಗಲೇ ಲಟ್ರೀಸ್‌ಗೆ ಮುಂದಾಗುವುದು ಹೊಳೆಯಿತು. ಹೊಳೆದದ್ದಕ್ಕೂ ಆದದ್ದಕ್ಕೂ ನಡುವೆ ಐದು ಸಾಲು ಇತ್ತು. ಅವಳು ನಿಂತೇ ಇದ್ದಳು.

ಬಾಗಿಲು ತೆರೆದೆ, ಎಂದ ಮಾರೆಕ್. ಕೊಟ್ಟ ಮಾತಿನಂತೆ ಬಾಯಿ ಮುಚ್ಚಿದ.

ಮುನ್ನೂರು ಗಂಟಲುಗಳು ಒಟ್ಟಿಗೆ ಉಸಿರೆಳೆದವು. ಮುದುಕರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಅವನು ಸತ್ತ ಮೇಲೆ ಹಾಡು ಕಲಿತವರು. ಒಣ ಎಳೆತ, ತುದಿಯಲ್ಲಿ ಸೀಟಿ. ಪಾರ್ಕಿನ ಗಾಳಿಯೆಲ್ಲ ಒಂದೇ ಎದೆಯೊಳಕ್ಕೆ ಹೋದ ಹಾಗಾಯಿತು. ಆ ಎದೆ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ. ಮಾರೆಕ್ ಬಿಳಿಚಿಕೊಂಡು ನಿಂತುಬಿಟ್ಟ, ಮುಂದಿನ ಪದ ಹೇಳಲಿಲ್ಲ. ಎರಡು ತಾಳ ಕಳೆಯಿತು, ನಾಲ್ಕು ಕಳೆಯಿತು. ಜನ ಕೂಗತೊಡಗಿದರು.

ಲಟ್ರೀಸ್‌ಳ ಕೈ ಚೀಲದೊಳಗಿತ್ತು. ಅವಳು ಪಂಪನ್ನು ಹೊರಗೆ ತೆಗೆದು ಎರಡು ಸಲ ಅಲುಗಾಡಿಸಿದಳು, ಅವನಿಗೆ ಕೊಡುವ ಮುಂಚೆ ಯಾವಾಗಲೂ ಮಾಡುತ್ತಿದ್ದ ಹಾಗೆ. ಆಮೇಲೆ ವೇದಿಕೆ ಹತ್ತಿದಳು. ಹತ್ತು ಹೆಜ್ಜೆ. ಹಾಲಿಸ್ ಸೂಜಿ ಎತ್ತಿದ. ಅವಳು ಮಾರೆಕ್‌ನನ್ನು ದಾಟಿ, ಮೈಕಿನ ಎದುರು ಖಾಲಿಯಿದ್ದ ಜಾಗದಲ್ಲಿ, ಒಬ್ಬ ಗಂಡಸಿನ ಬಾಯಿ ಇರಬಹುದಾದಷ್ಟು ಎತ್ತರಕ್ಕೆ ಅದನ್ನು ಹಿಡಿದು ಒತ್ತಿದಳು.

ಟಕ್ ಎಂದಿತು. ಒಳಗೆ ಏನೂ ಉಳಿದಿರಲಿಲ್ಲ. ಮೈಕು ಆ ಸದ್ದನ್ನು ದೊಡ್ಡದು ಮಾಡಿ ಇಡೀ ಪಾರ್ಕಿಗೆ ಕೇಳಿಸಿತು.

ಇದೂ ಹಾಡಿನದೇ ಭಾಗವೆಂದು ಹಿಂದಿನವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಂದಿನ ಸಾಲಿನವರೆಗೂ ಬಂತು. ಅಲ್ಲಿ ಮಿಸ್ ಅರ್ನೆಸ್ಟೀನ್ ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಬಿಗಿಯಾಗಿ ಹಿಡಿದುಕೊಂಡು, ತಲೆ ಎತ್ತಿ, ನಿನ್ನೆಯಿಂದ ಮೊದಲ ಸಲ ಸೊಸೆಯನ್ನು ನೋಡುತ್ತಿದ್ದಳು.